ಸಿಡಿಲಿನ ಸೀಮೆಯಲ್ಲಿ ಸೆಕೆಂಡನ್ನು ಹಿಡಿದಿಡುವುದು

ಮಲೆನಾಡಿನ ಮನೆಗಳಲ್ಲಿ ಏಪ್ರಿಲ್ ತಿಂಗಳಿನಿಂದ ಮುಂಗಾರು ಹಿಡಿಯುವವರೆಗೆ ತಪ್ಪದೆ ಪಾಲಿಸುವ ಒಂದು ಪದ್ಧತಿಯಿದೆ. ಮಧ್ಯಾಹ್ನದ ಮೇಲೆ ಮೋಡ ಕವಿದು ಮೊದಲ ಗುಡುಗು ಕೇಳಿದೊಡನೆ ಯಾರಾದರೊಬ್ಬರು ಎದ್ದು ಟಿವಿ, ಫ್ರಿಜ್ಜು, ಇಂಟರ್ನೆಟ್ಟಿನ ಪೆಟ್ಟಿಗೆ ಎಲ್ಲದರ ಪ್ಲಗ್ಗು ಕಿತ್ತು ಬರುತ್ತಾರೆ. ಕೆಲವರು ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಾರೆ. ಸಿಡಿಲಿಗೆ ಸುಟ್ಟುಹೋದ ಮೀಟರುಗಳನ್ನೂ ಪಂಪ್‌ಸೆಟ್ಟಿನ ಸ್ಟಾರ್ಟರುಗಳನ್ನೂ ಕಣ್ಣಾರೆ ಕಂಡವರ ವಿವೇಕ ಅದು, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಎಲೆಕ್ಟ್ರಾನಿಕ್ಸನ್ನು ಹವ್ಯಾಸವಾಗಿ ಹಚ್ಚಿಕೊಂಡವರಿಗೆ, ಅದರಲ್ಲೂ ಸಮಯ ಮತ್ತು ಆವರ್ತನದ ನಿಖರ ಅಳತೆಯ ಹುಚ್ಚು ಹಿಡಿದವರಿಗೆ, ಆ ಒಂದು ಪ್ಲಗ್ಗು ಕಿತ್ತರೆ ವಾರಗಟ್ಟಲೆಯ ಕೆಲಸ ನೀರುಪಾಲಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಟ್ಟದಲ್ಲಿ ಹೀಗೆ ಆದದ್ದು ಒಂದೆರಡು ಸಲವಲ್ಲ.

ಈ ಖಾಸಗಿ ಸಂಕಟವನ್ನು ಈಗ ಎತ್ತಲು ಕಾರಣವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜನವರಿಯಲ್ಲಿ ಭಾರತೀಯ ಕಾಲಮಾನದ ಬಳಕೆಯನ್ನು ಕಡ್ಡಾಯಗೊಳಿಸುವ ಕರಡು ನಿಯಮಗಳನ್ನು ಪ್ರಕಟಿಸಿ, ಫೆಬ್ರವರಿ 14ರೊಳಗೆ ಅಭಿಪ್ರಾಯ ತಿಳಿಸುವಂತೆ ಸಾರ್ವಜನಿಕರನ್ನು ಕೇಳಿತು. ವಾಣಿಜ್ಯ, ಸಾರಿಗೆ, ಆಡಳಿತ, ಹಣಕಾಸು, ಕಾನೂನು ಒಪ್ಪಂದಗಳೆಲ್ಲ ಒಂದೇ ಸಮಯವನ್ನು ಆಧರಿಸಬೇಕು ಎಂಬುದು ಆ ಕರಡಿನ ತಿರುಳು. ಆ ಸಮಯವನ್ನು ಕಾಯುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅಲ್ಲಿನ ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರಗಳು ಸೇರಿ ಕಾಯುವ ಸಮಯವನ್ನು ದೇಶಕ್ಕೆ ಹಂಚಲು ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್ ಮತ್ತು ಗುವಾಹಟಿಯ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಪರಮಾಣು ಗಡಿಯಾರಗಳನ್ನು ಕೂರಿಸುವ ಯೋಜನೆಯನ್ನು ಇಸ್ರೊ ಜೊತೆಗೂಡಿ ಕೈಗೊಳ್ಳಲಾಗಿದೆ. ಅದಕ್ಕೂ ಮೊದಲು, 2022ರ ಏಪ್ರಿಲ್ 28ರಂದು, ಸೈಬರ್ ಭದ್ರತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ ದೇಶದ ಸೇವಾದಾರರೆಲ್ಲ ತಮ್ಮ ಕಂಪ್ಯೂಟರ್ ಗಡಿಯಾರಗಳನ್ನು ಇದೇ ಪ್ರಯೋಗಾಲಯದ ಇಲ್ಲವೇ ಸರ್ಕಾರಿ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಎನ್‌ಐಸಿಯ ಸಮಯ ಸರ್ವರುಗಳಿಗೆ, ಅಥವಾ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕೆಂದು ನಿರ್ದೇಶಿಸಿತ್ತು.

ಇಷ್ಟೂ ಪ್ರಯತ್ನ ಸಮಯವನ್ನು ತಲುಪಿಸುವುದರ ಸುತ್ತ ನಡೆದಿದೆ. ತಲುಪಿದ ಸಮಯವನ್ನು ಕರೆಂಟು ಹೋದಾಗ, ತಂತಿ ಕಡಿದಾಗ, ಆಕಾಶ ಕಾಣದಾದಾಗ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ದೂರಸಂಪರ್ಕದ ತಂತ್ರಜ್ಞರು ಈ ಹಿಡಿದಿಡುವ ಶಕ್ತಿಗೆ ಹೋಲ್ಡ್‌ಓವರ್ ಎನ್ನುತ್ತಾರೆ. ಕೆಲವು ನೂರು ರೂಪಾಯಿಯ ಜಿಪಿಎಸ್ ಮಾಡ್ಯೂಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ನಿಖರವಾಗಿ ಸಮಯ ಹೇಳುವ ಈ ಕಾಲದಲ್ಲಿ ಹವ್ಯಾಸಿಯ ಮುಂದಿರುವ ನಿಜವಾದ ಸವಾಲು ಇದೊಂದೇ. ಮಲೆನಾಡಿನಲ್ಲಂತೂ ಅದು ವರ್ಷದಲ್ಲಿ ಐದಾರು ತಿಂಗಳು ಎದುರಿಗೇ ನಿಂತಿರುತ್ತದೆ.

ವಿಷಯದ ಬುಡ ತಿಳಿಯಲು ಹಿಂದೆ ಮದುವೆಯ ಮುಹೂರ್ತಕ್ಕೆ ಇಡುತ್ತಿದ್ದ ಘಳಿಗೆ ಬಟ್ಟಲನ್ನು ನೆನಪಿಸಿಕೊಳ್ಳಬಹುದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಘಳಿಗೆ, ಅಂದರೆ 24 ನಿಮಿಷ ಬೇಕು. ದಿನಕ್ಕೆ 60 ಘಳಿಗೆ. ಇಲ್ಲಿ ಬಟ್ಟಲು ಪ್ರತಿ ಸಲವೂ ಒಂದೇ ಸಮನಾಗಿ ಮುಳುಗುತ್ತದೆಯೇ ಎಂಬುದು ಒಂದು ಪ್ರಶ್ನೆ, ಮೊದಲ ಬಟ್ಟಲನ್ನು ಸೂರ್ಯೋದಯಕ್ಕೆ ಸರಿಯಾಗಿ ನೀರಿಗಿಟ್ಟರೇ ಎಂಬುದು ಇನ್ನೊಂದು. ಮೊದಲನೆಯದು ಆವರ್ತನಕ್ಕೆ ಸಂಬಂಧಿಸಿದ್ದು, ಎರಡನೆಯದು ಸಮಯಕ್ಕೆ. ತೂತಿನಲ್ಲಿ ಕಸ ಸಿಕ್ಕಿಕೊಂಡರೆ ತಪ್ಪು ಘಳಿಗೆಯಿಂದ ಘಳಿಗೆಗೆ ಬೆಳೆಯುತ್ತಾ ಹೋಗುತ್ತದೆ. ಬಟ್ಟಲನ್ನು ತಡವಾಗಿ ಇಟ್ಟಿದ್ದರೆ ತಪ್ಪು ಅಷ್ಟರಲ್ಲೇ ನಿಲ್ಲುತ್ತದೆ. ಹೊಸಬರು ಈ ಎರಡನ್ನೂ ಕಲಸಿಕೊಂಡು ಬೇಡದ ಕಡೆ ದುಡ್ಡು ಸುರಿಯುವುದನ್ನು ಕಂಡಿದ್ದೇನೆ. ಜಿಪಿಎಸ್ ಆಂಟೆನಾಗೆ 20 ಮೀಟರ್ ಕೇಬಲ್ ಎಳೆದರೆ ಸುಮಾರು 100 ನ್ಯಾನೊಸೆಕೆಂಡ್ ತಡವಾಗುತ್ತದೆ; ಸಮಯ ಅಳೆಯುವವನು ಅದನ್ನು ಲೆಕ್ಕದಲ್ಲಿ ಕಳೆಯಬೇಕು, ಆವರ್ತನ ಅಳೆಯುವವನು ಅದರ ಗೊಡವೆಗೇ ಹೋಗಬೇಕಿಲ್ಲ. ಅಂದಹಾಗೆ, ಭಾರತೀಯ ಕಾಲಮಾನದ ರೇಖಾಂಶ 82.5 ಡಿಗ್ರಿ, ಶಿವಮೊಗ್ಗದ್ದು ಸುಮಾರು 75.6, ಆದ್ದರಿಂದ ನಮ್ಮ ಊರಿನ ಸೂರ್ಯ ಕಾನೂನಿನ ಗಡಿಯಾರಕ್ಕಿಂತ ಸರಾಸರಿ 28 ನಿಮಿಷ ತಡವಾಗಿ ನೆತ್ತಿಗೇರುತ್ತಾನೆ. ಯಾವ ನಿಯಮ ಬಂದರೂ ಮುಹೂರ್ತ ಇಡುವವರು ಈ ಲೆಕ್ಕ ಬಿಡುವಂತಿಲ್ಲ.

ಇಂದಿನ ಬಟ್ಟಲು ಪರಮಾಣು. ಸೀಸಿಯಂ-133 ಪರಮಾಣುವಿನ ಎರಡು ನಿರ್ದಿಷ್ಟ ಶಕ್ತಿಮಟ್ಟಗಳ ನಡುವಿನ ವಿಕಿರಣ 9,192,631,770 ಬಾರಿ ಕಂಪಿಸಲು ಹಿಡಿಯುವ ಅವಧಿಯೇ ಒಂದು ಸೆಕೆಂಡ್ ಎಂದು 1967ರಲ್ಲಿ ನಿಶ್ಚಯವಾಯಿತು. ಅದಕ್ಕಿಂತಲೂ ಸ್ಥಿರವಾದ, ಬೆಳಕಿನ ಆವರ್ತನವನ್ನು ಬಳಸುವ ಗಡಿಯಾರಗಳು ಬಂದಿರುವುದರಿಂದ ಈ ವ್ಯಾಖ್ಯೆಯನ್ನೇ ಬದಲಿಸುವ ಚರ್ಚೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಸಾಗಿದೆ. ಹವ್ಯಾಸಿಯ ಮೇಜಿಗೆ ಅದರಿಂದ ಸದ್ಯಕ್ಕೆ ಏನೂ ಆಗಬೇಕಿಲ್ಲ. ಅವನ ಬಂಡವಾಳ ಇವತ್ತಿಗೂ ಕ್ವಾರ್ಟ್ಸ್ ಕ್ರಿಸ್ಟಲ್ಲೇ.

ಕೈಗಡಿಯಾರದಲ್ಲೂ ಗೋಡೆ ಗಡಿಯಾರದಲ್ಲೂ ಇರುವ ಕ್ರಿಸ್ಟಲ್ಲು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಒಂದು ಉಳಿಯುತ್ತದೆ, ಅದೇ ಸೆಕೆಂಡಿನ ಟಿಕ್. ಇದು ಸುಮಾರು 25 ಡಿಗ್ರಿ ಉಷ್ಣಾಂಶದಲ್ಲಿ ಅತಿ ವೇಗವಾಗಿರುತ್ತದೆ. ಅಲ್ಲಿಂದ ಯಾವ ಕಡೆಗೆ ಸರಿದರೂ, ಸರಿದ ಡಿಗ್ರಿಗಳ ವರ್ಗದಷ್ಟು, ನಿಧಾನವಾಗುತ್ತದೆ: ಹತ್ತು ಡಿಗ್ರಿ ಸರಿದರೆ ಹತ್ತು ಲಕ್ಷದಲ್ಲಿ ಸುಮಾರು 3.4 ಭಾಗ. ಡಿಸೆಂಬರಿನ ಬೆಳಗಿನ ಜಾವ ಹೆಂಚಿನ ಮನೆಯ ಅಟ್ಟದಲ್ಲಿ 14 ಡಿಗ್ರಿ ಇದ್ದಾಗಲೂ, ಏಪ್ರಿಲ್ ಮಧ್ಯಾಹ್ನ ಅದೇ ಅಟ್ಟ 38 ಡಿಗ್ರಿಗೆ ಕಾದಾಗಲೂ ಗಡಿಯಾರ ಹಿಂದೆಯೇ ಬೀಳುತ್ತದೆ. ಮೊದಲನೆಯದಕ್ಕೆ ದಿನಕ್ಕೆ ಸುಮಾರು 0.36 ಸೆಕೆಂಡ್, ಎರಡನೆಯದಕ್ಕೆ ಅರ್ಧ ಸೆಕೆಂಡ್. ಚಳಿಯಾದರೂ ನಿಧಾನ, ಸೆಕೆಯಾದರೂ ನಿಧಾನ. ಮುನ್ನೂರು ರೂಪಾಯಿಯ ಆಸುಪಾಸಿಗೆ ಸಿಗುವ ಡಿಎಸ್3231 ಎಂಬ ಚಿಪ್ಪು ಉಷ್ಣಾಂಶವನ್ನು ತಾನೇ ಅಳೆದುಕೊಂಡು ಈ ತಪ್ಪನ್ನು ತಿದ್ದಿಕೊಳ್ಳುವುದರಿಂದ ವರ್ಷಕ್ಕೆ ಸುಮಾರು ಒಂದು ನಿಮಿಷದ ತಪ್ಪಿನೊಳಗೆ ನಿಲ್ಲುತ್ತದೆ. ತೋಟದ ಪಂಪಿಗೆ ಟೈಮರ್ ಮಾಡುವವನಿಗೆ ಅಷ್ಟು ಸಾಕು, ಮುಂದೆ ಹೋಗುವ ಅಗತ್ಯವೇ ಇಲ್ಲ.

ಮುಂದೆ ಹೋಗಬೇಕಾದವರು ಯಾರು? ಹವ್ಯಾಸಿಗಳ ಬಾನುಲಿಯಾದ ಹ್ಯಾಮ್ ರೇಡಿಯೊದಲ್ಲಿ ಎಫ್‌ಟಿ8 ಪದ್ಧತಿಯಲ್ಲಿ ಸಂದೇಶ ಕಳಿಸುವವರಿಗೆ ಗಡಿಯಾರ ಒಂದು ಸೆಕೆಂಡಿನ ಒಳಗೆ ಸರಿಯಿದ್ದರೆ ಆಯಿತು. ಇಂಟರ್ನೆಟ್ಟಿನಿಂದ ಬರುವ ಸಮಯವೇ ಬೇಕಾದಷ್ಟಾಯಿತು. ಕತೆ ಬದಲಾಗುವುದು ಎತ್ತರದ ಆವರ್ತನಗಳಲ್ಲಿ. ಹ್ಯಾಮ್‌ಗಳಿಗೆಂದು ಪ್ರತ್ಯೇಕ ಟ್ರಾನ್ಸ್‌ಪಾಂಡರ್ (ಸಂಕೇತವನ್ನು ಹಿಡಿದು ಮರಳಿ ಕಳಿಸುವ ಸಾಧನ) ಹೊತ್ತಿರುವ, ನಮ್ಮ ಪಶ್ಚಿಮ ಆಕಾಶದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿ ನಿಂತಿರುವ ಕ್ಯುಒ-100 ಉಪಗ್ರಹದ ಸಂಕೇತ ಕೆಳಗಿಳಿಯುವುದು 10.489 ಗಿಗಾಹರ್ಟ್ಸಿನಲ್ಲಿ. ಅಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗದ ತಪ್ಪೆಂದರೆ 10 ಕಿಲೊಹರ್ಟ್ಸ್. ಒಂದು ಮಾತಿನ ಸಂಕೇತದ ಅಗಲವೇ 2.7 ಕಿಲೊಹರ್ಟ್ಸ್ ಇರುವಾಗ ಅದು ಮೂರು ಮನೆ ದಾಟಿ ಹೋದಂತೆ. ಡಿಶ್ಶಿನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿಯ ಒಳಗಿನ ಸಣ್ಣ ಕ್ರಿಸ್ಟಲ್ಲು ಬಿಸಿಲಿಗೂ ಇಬ್ಬನಿಗೂ ಮೈಯೊಡ್ಡಿ ಛಾವಣಿಯ ಮೇಲೆ ಕೂತಿರುತ್ತದೆ ಎಂಬುದನ್ನು ಮರೆಯಬಾರದು. ಸಿಡಿಲು ಎಲ್ಲಿ ಬಿತ್ತೆಂದು ಹಲವು ಊರುಗಳ ರಿಸೀವರುಗಳಿಂದ ಲೆಕ್ಕ ಹಾಕುವ ಹವ್ಯಾಸಿಗಳಿಗೆ ಒಂದು ಮೈಕ್ರೊಸೆಕೆಂಡಿನ ತಪ್ಪು 300 ಮೀಟರಿನ ತಪ್ಪಾಗುತ್ತದೆ. ಇವರಿಗೆಲ್ಲ ಬೇಕಾಗಿರುವುದು ನೂರು ಕೋಟಿಯಲ್ಲಿ ಒಂದು ಭಾಗದಷ್ಟು ನಂಬಬಹುದಾದ ಒಂದು ಆವರ್ತನ. ರೂಢಿಯಲ್ಲಿ 10 ಮೆಗಾಹರ್ಟ್ಸ್.

ಅಷ್ಟು ಸಣ್ಣ ತಪ್ಪು ಕಣ್ಣಿಗೆ ಕಾಣುವುದು ಹೇಗೆ ಎಂದು ಕೇಳುವವರಿಗೆ ನಾನು ವಿದ್ಯುತ್ ಅಲೆಯನ್ನು ಪರದೆಯ ಮೇಲೆ ಮೂಡಿಸುವ ಆಸಿಲೋಸ್ಕೋಪ್ ತೋರಿಸುತ್ತೇನೆ. ಒಂದು ಸೆಕೆಂಡ್ ಎಣಿಸುವ ಸಾಮಾನ್ಯ ಕೌಂಟರು 10 ಮೆಗಾಹರ್ಟ್ಸನ್ನು ಒಂದು ಹರ್ಟ್ಸಿನವರೆಗೆ ಮಾತ್ರ ಹೇಳಬಲ್ಲುದು, ಅಂದರೆ ಕೋಟಿಯಲ್ಲಿ ಒಂದು ಭಾಗ. ಅದರ ಬದಲು ನಂಬಿಕೆಯ 10 ಮೆಗಾಹರ್ಟ್ಸಿಗೆ ಸ್ಕೋಪನ್ನು ಟ್ರಿಗರ್ ಮಾಡಿ (ಪರದೆ ಅದರ ಲಯಕ್ಕೇ ಚಿತ್ರ ಬರೆಯುವಂತೆ ಕಟ್ಟಿಹಾಕಿ), ಪರೀಕ್ಷಿಸಬೇಕಾದ 10 ಮೆಗಾಹರ್ಟ್ಸನ್ನು ಇನ್ನೊಂದು ಚಾನೆಲ್ಲಿಗೆ ಕೊಟ್ಟರೆ, ಎರಡೂ ಒಂದೇ ಆಗಿದ್ದಾಗ ಅಲೆ ಪರದೆಯ ಮೇಲೆ ಅಂಟಿಸಿದಂತೆ ನಿಲ್ಲುತ್ತದೆ. ಇಲ್ಲದಿದ್ದರೆ ಎಡಕ್ಕೋ ಬಲಕ್ಕೋ ತೆವಳುತ್ತದೆ. ಒಂದು ಅಲೆಯ ಅಗಲ 100 ನ್ಯಾನೊಸೆಕೆಂಡ್. ಅಲೆ ತನ್ನ ಅಗಲದಷ್ಟು ಸರಿಯಲು 100 ಸೆಕೆಂಡ್ ತೆಗೆದುಕೊಂಡರೆ ವ್ಯತ್ಯಾಸ ನೂರು ಕೋಟಿಯಲ್ಲಿ ಒಂದು. 10,000 ಸೆಕೆಂಡ್, ಅಂದರೆ ಎರಡೂ ಮುಕ್ಕಾಲು ಗಂಟೆ ತೆಗೆದುಕೊಂಡರೆ ಹತ್ತು ಸಾವಿರ ಕೋಟಿಯಲ್ಲಿ ಒಂದು. ಪರದೆಯ ಗಾಜಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟು ಊಟ ಮಾಡಿ ಬರುವಷ್ಟರಲ್ಲಿ ಅಲೆ ಎಷ್ಟು ಸರಿದಿದೆ ಎಂದು ನೋಡುವುದೇ ಇಲ್ಲಿ ಅಳತೆ. ದುಬಾರಿ ಉಪಕರಣವಿಲ್ಲದೆ ಇಷ್ಟು ಸೂಕ್ಷ್ಮವಾಗಿ ಏನನ್ನಾದರೂ ಅಳೆಯಬಹುದಾದ ಇನ್ನೊಂದು ಕ್ಷೇತ್ರ ನನಗಂತೂ ತಿಳಿದಿಲ್ಲ.

ಇಂಥ ಪರೀಕ್ಷೆಯಲ್ಲಿ ನಿಲ್ಲಬಲ್ಲ, ಕೈಗೆಟುಕುವ ಆಸಿಲೇಟರ್ (ಆವರ್ತನ ಹುಟ್ಟಿಸುವ ಸಾಧನ) ಎಂದರೆ ಓವನ್ನಿನ ಒಳಗಿಟ್ಟ ಕ್ರಿಸ್ಟಲ್; ಬಲ್ಲವರು ಓಸಿಎಕ್ಸ್‌ಒ ಎನ್ನುತ್ತಾರೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲೋಹದ ಡಬ್ಬಿಯೊಳಗೆ ಕ್ರಿಸ್ಟಲ್ಲನ್ನು ಸುಮಾರು 80 ಡಿಗ್ರಿಯಲ್ಲಿ ಸದಾ ಕಾಯಿಸಿಟ್ಟಿರುತ್ತಾರೆ. ಹೊರಗೆ ಚಳಿಯೋ ಸೆಕೆಯೋ ಅದಕ್ಕೆ ಹೆಚ್ಚುಕಡಿಮೆ ತಿಳಿಯುವುದಿಲ್ಲ. ಕಳಚಿದ ಮೊಬೈಲ್ ಟವರುಗಳ ಬೋರ್ಡಿನಿಂದ ಬಿಡಿಸಿದ ಇಂಥ ಡಬ್ಬಿಗಳು ಆನ್‌ಲೈನ್ ಮಳಿಗೆಗಳಲ್ಲಿ ಸಾಕಷ್ಟು ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕುವ ತಾಳ್ಮೆಯಿದ್ದರೆ ಅಲ್ಲೂ ಸಿಕ್ಕಬಹುದು. ಇವುಗಳದು ಒಂದೇ ಹಟ: ಇವನ್ನು ಆರಿಸಬಾರದು. ತಿಂಗಳುಗಟ್ಟಲೆ ಬಿಡದೆ ಕಾದ ಕ್ರಿಸ್ಟಲ್ಲಿನ ಆವರ್ತನ ದಿನದಿಂದ ದಿನಕ್ಕೆ ಸರಿಯುವುದು ಕಡಿಮೆಯಾಗುತ್ತಾ ಬರುತ್ತದೆ. ಒಮ್ಮೆ ತಣ್ಣಗಾಗಿಸಿ ಮತ್ತೆ ಕಾಯಿಸಿದರೆ ಅದು ಹಿಂದಿದ್ದ ಆವರ್ತನಕ್ಕೆ ಸರಿಯಾಗಿ ಮರಳುವುದಿಲ್ಲ, ಮತ್ತು ಪಳಗುವ ಕೆಲಸವನ್ನು ಬಹುಪಾಲು ಹೊಸದಾಗಿ ಶುರು ಮಾಡುತ್ತದೆ. ಗುಡುಗು ಕೇಳಿ ಪ್ಲಗ್ಗು ಕಿತ್ತಾಗ ನಷ್ಟವಾಗುವುದು ಇದೇ.

ಹಾಗಿದ್ದರೆ ರುಬಿಡಿಯಂ ತರಬಾರದೇಕೆ ಎಂಬುದು ಹವ್ಯಾಸಿಗಳ ನಡುವೆ ಸದಾ ಏಳುವ ಮಾತು. ಹಳೆಯ ದೂರಸಂಪರ್ಕ ಉಪಕರಣಗಳಿಂದ ಬಂದ ರುಬಿಡಿಯಂ ಗಡಿಯಾರಗಳೂ ಮಾರಾಟಕ್ಕಿವೆ. ಹೊತ್ತಿಸಿದ ಕೆಲವೇ ನಿಮಿಷಗಳಲ್ಲಿ ಪರಮಾಣುವಿನ 6.8 ಗಿಗಾಹರ್ಟ್ಸ್ ಆವರ್ತನಕ್ಕೆ ಅಂಟಿಕೊಂಡು ಹತ್ತು ಸಾವಿರ ಕೋಟಿಯಲ್ಲಿ ಒಂದೆರಡು ಭಾಗದಷ್ಟು ಸ್ಥಿರವಾಗಿ ನಿಲ್ಲುತ್ತವೆ. ಕಾಗದದ ಮೇಲೆ ಇದಕ್ಕೆ ಎದುರಿಲ್ಲ. ಆದರೆ ಇದು ಹತ್ತರಿಂದ ಹದಿನೈದು ವಾಟ್ ಕುಡಿಯುತ್ತದೆ, ಬೆಚ್ಚಗಾದ ಓಸಿಎಕ್ಸ್‌ಒಗೆ ಎರಡು ವಾಟಿನ ಆಸುಪಾಸು ಸಾಕು. ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರಿನ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಂತೆ ಬಳಸಿದರೆ ಓಸಿಎಕ್ಸ್‌ಒ ಸುಮಾರು 20 ಗಂಟೆ ನಡೆಯುತ್ತದೆ, ರುಬಿಡಿಯಂ ಮೂರೂವರೆ ಗಂಟೆ. ಇನ್ವರ್ಟರಿನ ದೊಡ್ಡ ಬ್ಯಾಟರಿ ಇದೆಯಲ್ಲ ಎನ್ನಬಹುದು. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಆ ಬ್ಯಾಟರಿಯನ್ನು ಅಟ್ಟದ ಗಡಿಯಾರಕ್ಕೆ ಮೀಸಲಿಡಲು ಮನೆಯವರು ಒಪ್ಪುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಜೊತೆಗೆ ರುಬಿಡಿಯಂ ಘಟಕದೊಳಗಿನ ದೀಪಕ್ಕೆ ಆಯುಸ್ಸಿದೆ, ಹಳೆಯದನ್ನು ಕೊಂಡವನಿಗೆ ಅದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ದೊಡ್ಡ ನಗರದ ಹವ್ಯಾಸಿಗೆ ಸರಿಯಾದ ಆಯ್ಕೆ ಆಗುಂಬೆಯ ಕೆಳಗೋ ಹೊಸನಗರದ ಒಳಹಳ್ಳಿಯಲ್ಲೋ ಇರುವವನಿಗೆ ಸರಿಯಾಗಲೇಬೇಕೆಂದಿಲ್ಲ. ಅದೇ ದುಡ್ಡಿನಲ್ಲಿ ಒಳ್ಳೆಯ ಓಸಿಎಕ್ಸ್‌ಒ, ಅದಕ್ಕೇ ಮೀಸಲಾದ ಬ್ಯಾಟರಿ, ಚಾರ್ಜರು ಎಲ್ಲ ಬರುತ್ತವೆ.

ಮಳೆಗಾಲದ ತೇವ ಇನ್ನೊಂದು ಕಾಟ, ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಕಡಿಮೆ. ಓಸಿಎಕ್ಸ್‌ಒಯ ಆವರ್ತನವನ್ನು ಸೂಕ್ಷ್ಮವಾಗಿ ತಿದ್ದಲು ಒಂದು ಪಿನ್ನಿಗೆ ನಿಯಂತ್ರಣ ವೋಲ್ಟೇಜ್ ಕೊಡುತ್ತಾರೆ. ಒಂದು ವೋಲ್ಟಿಗೆ ಕೋಟಿಯಲ್ಲಿ ಒಂದು ಭಾಗ ಸರಿಯುವ ಆಸಿಲೇಟರಿನಲ್ಲಿ ಆ ವೋಲ್ಟೇಜು ಒಂದು ಮಿಲಿವೋಲ್ಟ್ ಆಚೀಚೆಯಾದರೆ ಆವರ್ತನ ಸಾವಿರ ಕೋಟಿಯಲ್ಲಿ ಒಂದು ಭಾಗ ಸರಿಯುತ್ತದೆ. ನಾನು ಮೊದಲು ಕಟ್ಟಿದ ಸರ್ಕ್ಯೂಟಿನಲ್ಲಿ ಈ ವೋಲ್ಟೇಜ್ ಒಂದು ಸಾಧಾರಣ ಪ್ರಿಸೆಟ್ಟಿನಿಂದ, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರಿನಿಂದ, ಬರುತ್ತಿತ್ತು. ಜೂನ್ ತನಕ ಕಲ್ಲಿನಂತೆ ನಿಂತಿದ್ದ ಅಲೆ ಜುಲೈ ಎರಡನೆಯ ವಾರದಿಂದ ದಿನಕ್ಕಿಷ್ಟೆಂದು ಸರಿಯತೊಡಗಿತು. ಆಸಿಲೇಟರನ್ನೇ ಬೈದುಕೊಂಡು ಹದಿನೈದು ದಿನ ಕಳೆದ ಮೇಲೆ, ಟಾರ್ಚ್ ಹಿಡಿದು ನೋಡಿದಾಗ ಪ್ರಿಸೆಟ್ಟಿನ ಕಾಲುಗಳ ನಡುವೆ ಬೋರ್ಡಿನ ಮೇಲೆ ತೆಳುವಾಗಿ ಬೂಷ್ಟು ಕಟ್ಟಿತ್ತು. ಬೆಸುಗೆಗೆ ಬಳಸಿದ ಹಳೆಯ ಫ್ಲಕ್ಸಿನ ಅಂಟಿನ ಮೇಲೆ ತೇವ ಕೂತು ಕರೆಂಟು ಸೋರುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಪ್ರಿಸೆಟ್ಟಿನ ಜಾಗದಲ್ಲಿ ಬಿಗಿಯಾದ ರೆಸಿಸ್ಟರುಗಳನ್ನು ಹಾಕಿ, ಬೋರ್ಡಿಗೆ ವಾರ್ನಿಷ್ ಬಳಿದ ಮೇಲೆ ಅದು ನಿಂತಿತು. ಅಡಿಕೆ ಒಣಗಿಸುವವರಿಗೆ ತಿಳಿದ ತೇವದ ಪಾಠವನ್ನು ನಾನು ಮಿಲಿವೋಲ್ಟಿನಲ್ಲಿ ಕಲಿತೆ.

ಓಸಿಎಕ್ಸ್‌ಒ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಸರಿ ಯಾವುದೆಂದು ತಾನಾಗಿ ತಿಳಿಯದು, ಯಾರಾದರೂ ಹೇಳಿಕೊಡಬೇಕು. ಆ ಕೆಲಸ ಜಿಪಿಎಸ್ಸಿನದು. ರಿಸೀವರು ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ಅಗ್ಗದ ಮಾಡ್ಯೂಲುಗಳಲ್ಲಿ ಅದು ಹತ್ತಾರು ನ್ಯಾನೊಸೆಕೆಂಡ್ ಹಿಂದೆಮುಂದೆ ಅಲುಗಾಡುತ್ತದೆ. ಒಂದು ಸೆಕೆಂಡಿನ ಮಟ್ಟಿಗೆ ನೋಡಿದರೆ ಓಸಿಎಕ್ಸ್‌ಒ ಮುಂದೆ ಇದು ಒರಟು. ಆದರೆ ಆ ಅಲುಗಾಟ ಒಂದು ದಿನವಾದರೂ ಅಷ್ಟೇ ಇರುತ್ತದೆ, ಬೆಳೆಯುವುದಿಲ್ಲ. 86,400 ಸೆಕೆಂಡುಗಳಿಗೆ ಹಂಚಿದರೆ ಅದು ನಗಣ್ಯ. ಕಡಿಮೆ ಅವಧಿಯಲ್ಲಿ ಕ್ರಿಸ್ಟಲ್ಲನ್ನೂ ದೀರ್ಘಾವಧಿಯಲ್ಲಿ ಉಪಗ್ರಹವನ್ನೂ ನಂಬುವ, ಒಂದರ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯುವ ಗಡಿಯನ್ನು ಕೆಲವು ನೂರು ಸೆಕೆಂಡುಗಳ ಆಸುಪಾಸಿಗೆ ಇಡುವ ಸರ್ಕ್ಯೂಟೇ ಜಿಪಿಎಸ್‌ಡಿಒ. ಯಾವ ಅವಧಿಗೆ ಯಾವ ಗಡಿಯಾರ ಎಷ್ಟು ಸ್ಥಿರ ಎಂದು ಲೆಕ್ಕ ಹಾಕುವ ರೀತಿಯನ್ನು ಡೇವಿಡ್ ಆಲನ್ 1966ರಲ್ಲಿ ತೋರಿಸಿಕೊಟ್ಟರು. ಇವತ್ತಿಗೂ ಗಡಿಯಾರಗಳ ಜಾತಕ ಬರೆಯುವುದು ಆಲನ್ ವಿಚಲನೆಯ ನಕ್ಷೆಯಲ್ಲೇ.

ಮಳೆ ಬಂದರೆ ಡಿಶ್ ಟಿವಿ ನಿಲ್ಲುವುದನ್ನು ಕಂಡ ಮಲೆನಾಡಿಗರು ಜಿಪಿಎಸ್ಸೂ ಹಾಗೆಯೇ ಎಂದುಕೊಳ್ಳುವುದು ಸಹಜ. ಅದು ತಪ್ಪು. ಡಿಶ್ಶಿನ ಸಂಕೇತ 10 ಗಿಗಾಹರ್ಟ್ಸಿಗಿಂತ ಮೇಲಿನದು, ಮಳೆಹನಿ ಅದನ್ನು ನುಂಗುತ್ತದೆ, ಜಿಪಿಎಸ್ಸಿನದು 1.575 ಗಿಗಾಹರ್ಟ್ಸ್, ಸುರಿವ ಮಳೆ ಅದಕ್ಕೆ ಲೆಕ್ಕಕ್ಕಿಲ್ಲ. ಅದನ್ನು ನುಂಗುವುದು ನೆನೆದ ಎಲೆ, ದಟ್ಟ ಮರ, ಮತ್ತು ಪಕ್ಕದ ಗುಡ್ಡ. ಅಡಿಕೆ ತೋಟದ ನಡುವೆ ಇಟ್ಟ ಆಂಟೆನಾ ಬೇಸಿಗೆಯಲ್ಲಿ ಹತ್ತು ಉಪಗ್ರಹ ಕಂಡರೆ ಆಷಾಢದಲ್ಲಿ ನಾಲ್ಕನ್ನು ಕಾಣಲು ಪರದಾಡುವುದುಂಟು. ಇಲ್ಲೊಂದು ಸಮಾಧಾನವಿದೆ. ಆಂಟೆನಾ ಕದಲದೆ ಒಂದೇ ಕಡೆ ಇದ್ದರೆ ಅದರ ಸ್ಥಾನವನ್ನು ಒಂದೆರಡು ದಿನ ಅಳೆದು ರಿಸೀವರಿಗೆ ತಿಳಿಸಿಬಿಡಬಹುದು. ಆಮೇಲೆ ಸಮಯ ತಿಳಿಯಲು ಒಂದೇ ಒಂದು ಉಪಗ್ರಹ ಕಂಡರೂ ನಡೆಯುತ್ತದೆ. ಈ ಸೌಲಭ್ಯ ಸಮಯಕ್ಕೆಂದೇ ಮಾಡಿದ ರಿಸೀವರುಗಳಲ್ಲಿ ಇರುತ್ತದೆ, ಡ್ರೋನಿಗೂ ವಾಹನಕ್ಕೂ ಮಾರುವ ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಯಲುಸೀಮೆಯವನು ಅಗ್ಗದ್ದನ್ನು ಕೊಂಡು ಸುಖವಾಗಿರಬಹುದು. ನಾವು ತುಸು ಹೆಚ್ಚು ಕೊಟ್ಟು ಇದನ್ನು ಕೊಳ್ಳುವುದು ಲೇಸು.

ಕರೆಂಟಿನ ಆವರ್ತನವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬಹುದಲ್ಲ ಎಂದು ಶಾಲಾ ಮಕ್ಕಳು ಕೇಳುತ್ತಾರೆ. ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ, ಏಕೆಂದರೆ ಆ 50 ಹರ್ಟ್ಸನ್ನು ಹುಟ್ಟಿಸುವವರಲ್ಲಿ ಶರಾವತಿಯ 1035 ಮೆಗಾವಾಟಿನ ಹತ್ತು ಯಂತ್ರಗಳೂ ಸೇರಿವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ಚಾಲೂ ಆದಾಗಿನಿಂದ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಒಂದೇ ಲಯದಲ್ಲಿ ತಿರುಗುತ್ತಿದೆ; ಮನೆಯ ಸಾಕೆಟ್ಟಿನಲ್ಲಿ ಅಳೆದ ಆವರ್ತನ ಕಾಶ್ಮೀರದಲ್ಲೂ ಬಹುತೇಕ ಅದೇ. ಆದರೆ ನಿಯಮವೇ ಅದನ್ನು 49.90ರಿಂದ 50.05ರ ನಡುವೆ ಓಲಾಡಲು ಬಿಟ್ಟಿದೆ. ದಿನವಿಡೀ 49.95ರಲ್ಲಿ ನಿಂತರೆ ಅದನ್ನು ಎಣಿಸುವ ಗಡಿಯಾರ 86 ಸೆಕೆಂಡ್ ಹಿಂದೆ ಬೀಳುತ್ತದೆ. ಹೀಗಾಗಿ ಇದು ಪ್ರಮಾಣವಾಗಲಾರದು, ಆದರೆ ಅಳೆಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ: ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ 9 ವೋಲ್ಟಿನ ಅಲೆ ಸೊನ್ನೆ ದಾಟುವ ಕ್ಷಣಗಳನ್ನು ಜಿಪಿಎಸ್ ಪಲ್ಸಿನ ಜೊತೆ ಹೋಲಿಸುತ್ತಾ ಕೂತರೆ ಸಂಜೆ ಊರೆಲ್ಲ ದೀಪ ಹಚ್ಚುವ ಹೊತ್ತಿನಲ್ಲಿ ಅಂಕಿ ಏರಿಳಿಯುವುದು ಕಾಣುತ್ತದೆ. ಅಂಕಿ ಇದ್ದಕ್ಕಿದ್ದಂತೆ ಅಲುಗಾಡದೆ ನಿಂತುಬಿಟ್ಟಿತೆಂದರೆ ಕರೆಂಟು ಹೋಗಿ ಇನ್ವರ್ಟರು ಶುರುವಾಗಿದೆ ಎಂದು ಅರ್ಥ.

ಈಗ ಕರಡು ನಿಯಮಗಳ ವಿಷಯಕ್ಕೆ ಮರಳಬಹುದು. ನಾವು ಮೇಜಿನ ಮೇಲೆ ಹಿಡಿಯುವ ಜಿಪಿಎಸ್ ಸಮಯ ಅಮೆರಿಕದ ನೌಕಾ ವೀಕ್ಷಣಾಲಯದ ಗಡಿಯಾರಗಳನ್ನು ಅನುಸರಿಸುತ್ತದೆ. ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುವ ಪಟ್ಟಿಯಲ್ಲಿ ದೆಹಲಿಯ ಗಡಿಯಾರಕ್ಕೂ ವಿಶ್ವ ಸಮಯಕ್ಕೂ ಇರುವ ವ್ಯತ್ಯಾಸ ನ್ಯಾನೊಸೆಕೆಂಡುಗಳಲ್ಲಿ ಸಿಗುವುದರಿಂದ, ಬೇಕೆಂದವರು ಶಿವಮೊಗ್ಗದಿಂದ ವಾಷಿಂಗ್ಟನ್ ಸುತ್ತಿ ದೆಹಲಿ ಮುಟ್ಟಬಹುದು. ಇದು ನೆಂಟಸ್ತಿಕೆಯ ದೂರದ ದಾರಿ ಎಂಬುದನ್ನು ಒಪ್ಪಲೇಬೇಕು. 2016ರ ಜನವರಿ 26ರಂದು ಜಿಪಿಎಸ್ ಬಿತ್ತರಿಸಿದ ವಿಶ್ವ ಸಮಯದ ತಿದ್ದುಪಡಿಯಲ್ಲಿ 13 ಮೈಕ್ರೊಸೆಕೆಂಡಿಗೂ ಹೆಚ್ಚಿನ ತಪ್ಪು ನುಸುಳಿ, ಹಲವು ಗಂಟೆಗಳ ಕಾಲ ಲೋಕದ ನಾನಾ ಕಡೆ ಉಪಕರಣಗಳು ಗಾಬರಿಬಿದ್ದದ್ದು ದಾಖಲಾಗಿದೆ. ಹಾಗಾಗಿ ನಮ್ಮದೇ ಮೂಲ ಬೇಕೆಂಬ ಆಶಯದಲ್ಲಿ ತಕರಾರಿಲ್ಲ.

ಆ ಮೂಲದ ದಾರಿ ಕರ್ನಾಟಕದ ಮೂಲಕವೇ ಹಾದುಹೋಗುತ್ತದೆ. ಭಾರತದ್ದೇ ಜಿಪಿಎಸ್ ಎನ್ನಬಹುದಾದ ನಾವಿಕ್ ಉಪಗ್ರಹಗಳನ್ನು ನಿಯಂತ್ರಿಸುವುದು ಹಾಸನದಿಂದ, ಅವುಗಳ ಸಮಯವನ್ನು ಕಾಯುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಇದರ ಇತಿಹಾಸವೇ ಗಡಿಯಾರ ಹಿಡಿದಿಡುವುದು ಎಷ್ಟು ಕಷ್ಟವೆಂಬುದಕ್ಕೆ ಸಾಕ್ಷಿ. 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹದಲ್ಲಿ ಯುರೋಪಿನಿಂದ ತಂದ ಮೂರು ರುಬಿಡಿಯಂ ಗಡಿಯಾರಗಳಿದ್ದವು, ಮೂರೂ ಕೆಟ್ಟವು. ಆಮೇಲಿನ ಹಲವು ಉಪಗ್ರಹಗಳಲ್ಲೂ ಗಡಿಯಾರಗಳೇ ಕೈಕೊಟ್ಟವು. 2023ರ ಮೇ 29ರಂದು ಉಡಾವಣೆಗೊಂಡ ಎನ್‌ವಿಎಸ್-01ರಲ್ಲಿ ಮೊದಲ ಬಾರಿಗೆ ದೇಶೀಯ ರುಬಿಡಿಯಂ ಗಡಿಯಾರ ಮೇಲೇರಿತು. ಜಿಪಿಎಸ್ ಬಳಸುವ ಎಲ್1 ಪಟ್ಟಿಯಲ್ಲೂ ಸಂಕೇತ ಬಿತ್ತರಿಸುವ ವ್ಯವಸ್ಥೆ ಅದರಲ್ಲಿರುವುದರಿಂದ ಅಗ್ಗದ ರಿಸೀವರುಗಳಿಗೂ ನಾವಿಕ್ ದಕ್ಕುವ ಬಾಗಿಲು ತೆರೆದಂತಾಯಿತು. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಉದ್ದೇಶಿಸಿದ ಕಕ್ಷೆಗೆ ಏರಲಾಗದೆ ಉಳಿಯಿತು.

ನೆಲದ ಮೇಲಿನ ಹಂಚಿಕೆಗೂ ಕೊನೆಯ ಮೈಲಿಯ ತೊಡಕಿದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ 300 ಕಿಲೊಮೀಟರ್ ಫೈಬರ್ ಎಂದರೆ ಬೆಳಕಿಗೆ ಒಂದೂವರೆ ಮಿಲಿಸೆಕೆಂಡಿನ ಪಯಣ. ಹೋಗುವ ದಾರಿ, ಬರುವ ದಾರಿ ಸಮವೆಂಬ ನಂಬಿಕೆಯ ಮೇಲೆ ಇಂಟರ್ನೆಟ್ಟಿನ ಸಮಯ ನಿಂತಿದೆ. ಅವು ಸಮವಿಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ತಪ್ಪು ಗಡಿಯಾರಕ್ಕೆ ಅಂಟುತ್ತದೆ, ಮತ್ತು ಅದು ಅಂಟಿದೆಯೆಂದು ಗಡಿಯಾರಕ್ಕೆ ತಿಳಿಯುವ ದಾರಿಯಿಲ್ಲ. ಬ್ಯಾಂಕಿಗೂ ಕಚೇರಿಗೂ ಇದು ಸಮಸ್ಯೆಯಲ್ಲ. ಮೊಬೈಲ್ ಟವರಿಗೆ ಸಮಸ್ಯೆ. ನಮ್ಮ 5ಜಿ ಜಾಲದಲ್ಲಿ ಒಂದೇ ಆವರ್ತನವನ್ನು ಕಳಿಸಲೂ ಪಡೆಯಲೂ ಸರದಿಯ ಮೇಲೆ ಬಳಸುವ ಪಟ್ಟಿಗಳಲ್ಲಿ ಪ್ರತಿ ಟವರಿನ ಸಮಯ ಒಂದೂವರೆ ಮೈಕ್ರೊಸೆಕೆಂಡಿನೊಳಗೆ ಸರಿಯಿರಬೇಕು. ಟವರಿನ ಜಿಪಿಎಸ್ ಕುರುಡಾದರೆ, ಅದರೊಳಗಿನ ಓಸಿಎಕ್ಸ್‌ಒಯ ತಪ್ಪು ಸಾವಿರ ಕೋಟಿಯಲ್ಲಿ ಒಂದು ಭಾಗ ಎಂದಿಟ್ಟುಕೊಂಡರೆ, ಆ ಗಡಿ ದಾಟಲು 15,000 ಸೆಕೆಂಡ್, ಅಂದರೆ ನಾಲ್ಕು ಗಂಟೆಗೆ ತುಸು ಹೆಚ್ಚು ಸಾಕು. ಬ್ಯಾಟರಿ ಬರಿದಾಗಿ ಟವರೇ ಆರಿ, ಮತ್ತೆ ಹೊತ್ತಿದಾಗ ಓಸಿಎಕ್ಸ್‌ಒ ತಣ್ಣಗಿನಿಂದ ಶುರು ಮಾಡಬೇಕು. ನನ್ನ ಅಟ್ಟದಲ್ಲಿ ಆಗುವುದೇ ಅಲ್ಲಿಯೂ ಆಗುತ್ತದೆ.

ಆದ್ದರಿಂದ ಯಾರು ಯಾವ ಸಮಯವನ್ನು ಅನುಸರಿಸಬೇಕೆಂದು ಹೇಳುವ ನಿಯಮ, ಮೂಲ ಕಡಿದುಹೋದಾಗ ಅದನ್ನು ಎಷ್ಟು ಹೊತ್ತು, ಎಷ್ಟರ ಒಳಗೆ ಹಿಡಿದಿಡಬೇಕೆಂದೂ ಬಳಕೆಯ ಬಗೆಗೆ ತಕ್ಕಂತೆ ಹೇಳಬೇಕೆಂಬುದು ನನ್ನ ವಾದ. ಇನ್ನೊಂದು ಮಾತು ಹವ್ಯಾಸಿಗಳ ಪರವಾಗಿ. ಖಗೋಳ, ನೌಕಾಯಾನ, ವೈಜ್ಞಾನಿಕ ಸಂಶೋಧನೆಗೆ ಬೇರೆ ಕಾಲಮಾನ ಬಳಸಲು ಮುಂಚಿತ ಅನುಮತಿಯ ಷರತ್ತಿನ ಮೇಲೆ ವಿನಾಯಿತಿ ಕೊಡುವ ಪ್ರಸ್ತಾಪ ಕರಡಿನಲ್ಲಿತ್ತು. ಅಟ್ಟದಲ್ಲಿ ಕೂತು ಜಿಪಿಎಸ್ ಪಲ್ಸ್ ನೋಡುವವನದು ಆಡಳಿತವೂ ಅಲ್ಲ, ವ್ಯಾಪಾರವೂ ಅಲ್ಲ. ಅವನನ್ನು ನಿಯಮ ಮುಟ್ಟಲಾರದು ಎಂದೇ ನಾನು ಓದಿಕೊಳ್ಳುತ್ತೇನೆ. ಆದರೂ ಆವರ್ತನ ಅಳೆಯುವುದಕ್ಕೂ ಕಾಲಮಾನ ಸಾರುವುದಕ್ಕೂ ಇರುವ ವ್ಯತ್ಯಾಸವನ್ನು, ಘಳಿಗೆ ಬಟ್ಟಲಿನ ಆ ಎರಡು ಪ್ರಶ್ನೆಗಳನ್ನು, ನಿಯಮದ ಭಾಷೆಯಲ್ಲೇ ಬೇರ್ಪಡಿಸಿಡುವುದು ಕಷ್ಟದ ಕೆಲಸವೇನಲ್ಲ.

ಪ್ಲಗ್ಗಿನ ತಕರಾರಿಗೆ ನಮ್ಮ ಮನೆಯಲ್ಲಿ ಕೊನೆಗೆ ಒಂದು ರಾಜಿಯಾಗಿದೆ. ಓಸಿಎಕ್ಸ್‌ಒ ಮರದ ಪೆಟ್ಟಿಗೆಯೊಳಗೆ ತನ್ನದೇ ಬ್ಯಾಟರಿಯ ಮೇಲೆ ಸದಾ ನಡೆಯುತ್ತದೆ. ಗುಡುಗು ಕೇಳಿದರೆ ಚಾರ್ಜರಿನ ಪ್ಲಗ್ಗನ್ನು ಯಾರು ಬೇಕಾದರೂ ಕೀಳಬಹುದು. ಜೊತೆಗೆ ಆಂಟೆನಾದ ಕನೆಕ್ಟರನ್ನೂ ಬಿಚ್ಚಿ ಕಿಟಕಿಯ ಹೊರಗೆ ಬಿಡಬೇಕು, ಏಕೆಂದರೆ ಒಂದು ವರ್ಷ ಪ್ಲಗ್ಗು ಕಿತ್ತಿದ್ದರೂ ಸಿಡಿಲು ಆಂಟೆನಾ ಕೇಬಲಿನ ಮೂಲಕ ಒಳಗೆ ಬಂದು ರಿಸೀವರನ್ನು ಸುಟ್ಟಿತ್ತು. ಎರಡನ್ನೂ ಕಿತ್ತ ಮೇಲೆ ಆಸಿಲೇಟರಿಗೆ ನೆಲದ ನಂಟೂ ಇಲ್ಲ, ಆಕಾಶದ ನಂಟೂ ಇಲ್ಲ. ಹೋದ ಮೇ ತಿಂಗಳ ಒಂದು ಸಂಜೆ ಹೀಗೆ ಎರಡು ಗಂಟೆ ನಲವತ್ತು ನಿಮಿಷ ಬಿಟ್ಟು, ಗುಡುಗು ಘಟ್ಟದ ಆಚೆ ಹೋದ ಮೇಲೆ ಆಂಟೆನಾ ಸಿಕ್ಕಿಸಿದೆ. ಓಸಿಎಕ್ಸ್‌ಒಯ 10 ಮೆಗಾಹರ್ಟ್ಸನ್ನು ಒಂದು ಕೋಟಿಯಿಂದ ಭಾಗಿಸಿ ಪಡೆದ ಸೆಕೆಂಡಿನ ಪಲ್ಸ್ ಉಪಗ್ರಹದ ಪಲ್ಸಿಗಿಂತ 700 ನ್ಯಾನೊಸೆಕೆಂಡ್ ಹಿಂದಿತ್ತು. ಸಾಮಾನ್ಯ ಕ್ರಿಸ್ಟಲ್ಲಾಗಿದ್ದರೆ ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ಹಿಂದೆ ಬೀಳಬಹುದಿತ್ತು. ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗಿಳಿದು ಬಂದಾಗ ಟಿವಿಯ ಪ್ಲಗ್ಗನ್ನು ಇನ್ನೂ ಯಾರೂ ಹಾಕಿರಲಿಲ್ಲ.